ಕರಡಿದ್ರಾಕ್ಷಿಯ ಎಲೆ

ಮೆಟೋಡಿ ಬಂದು ಅಂಗಡಿಯ ಕಂಬ ಹಿಡಿದು ನಿಂತಾಗ ನೆವೆನಾ ಮೊದಲು ನಕ್ಕುಬಿಟ್ಟಳು. ಶನಿವಾರದ ಸಂತೆ, ಬಸ್ಸು ತುಂಬಿ ಹರಿಯುವ ಹೊತ್ತು. ಡ್ರೈವರ್ ಆದವನು ಬಸ್ಸು ಬಿಟ್ಟು ಇಲ್ಲಿ ನಿಂತಿದ್ದಾನೆ, ಮುಖ ಸುಣ್ಣ ಬಳಿದ ಗೋಡೆಯ ಹಾಗಿದೆ. ಆ ಪೇಟೆಯಲ್ಲಿ ಗಂಡಸರು ಬೆಳಗ್ಗೆ ಬೆಳಗ್ಗೆ ಹಾಗೆ ಕಂಬ ಹಿಡಿಯುವುದು ಒಂದೇ ಕಾರಣಕ್ಕೆ, ರಾತ್ರಿ ಕುಡಿದ ಸಾರಾಯಿಗೆ.

"ಯಾರ ಮನೆ ರಕಿಯಾ ಇದು? ನಮ್ಗೂ ಒಂದು ತೊಟ್ಟು ಇಟ್ಟಿದ್ಯೋ ಇಲ್ವೋ?"

"ನಗಬೇಡ ತಾಯಿ," ಅಂದ ಮೆಟೋಡಿ. "ರಕಿಯಾ ಮುಟ್ಟಿ ವಾರ ಆಯ್ತು. ನಿನ್ ಎಲೆ ಚಹಾನೇ ಕುಡಿದಿದ್ದು. ಕರುಳು ಕಿತ್ತು ಬಾಯಿಗೆ ಬರೋ ಹಂಗೆ ವಾಂತಿ. ಈಗ ನೆಲ ತಿರುಗ್ತಿದೆ. ಉರಿಮೂತ್ರಕ್ಕೆ ಕೊಟ್ಯೋ, ನನ್ನ ಮುಗಿಸೋಕೆ ಕೊಟ್ಯೋ?"

ದಿನವಿಡೀ ಸ್ಟಿಯರಿಂಗ್ ಹಿಡಿದು ಕೂತು, ಮೂತ್ರ ಕಟ್ಟಿಕೊಂಡು, ನೀರೂ ಕುಡಿಯದೆ ಉರಿ ಹತ್ತಿಸಿಕೊಳ್ಳುವುದು ಮೆಟೋಡಿಗೆ ಹೊಸದಲ್ಲ. ಪ್ರತಿ ಸಲವೂ ನೆವೆನಾಳ ಹತ್ತಿರ ಬಂದು ಕರಡಿದ್ರಾಕ್ಷಿಯ ಎಲೆ ಒಯ್ಯುತ್ತಿದ್ದ. ಪರ್ವತದ ಬಂಡೆಗಳ ಮೇಲೆ ಹರಡಿಕೊಂಡು ಬೆಳೆಯುವ ಆ ಗಿಡದ ಸಣ್ಣ ದಪ್ಪ ಎಲೆಯನ್ನು ಒಣಗಿಸಿ ಕುದಿಸಿ ಕುಡಿದರೆ ಮೂತ್ರದ ಉರಿ ಆರುತ್ತದೆ ಎಂದು ಆ ಸೀಮೆಯಲ್ಲಿ ಎಲ್ಲರ ಅಜ್ಜಿಯರೂ ಹೇಳಿಕೊಂಡು ಬಂದವರೇ. ಅದರಲ್ಲೂ ನೆವೆನಾಳ ತಾಯಿ ರುಸಾ ಅಜ್ಜಿ ಆರಿಸಿದ ಎಲೆ ಎಂದರೆ ಕಣ್ಣು ಮುಚ್ಚಿ ಕೊಳ್ಳಬಹುದು ಅನ್ನುತ್ತಿದ್ದರು.

"ಏನೋ ಕೆಟ್ಟದ್ದು ತಿಂದಿದ್ದೀಯ ನೀನು," ಅಂದಳು ನೆವೆನಾ.

"ತಿಂದಿದ್ದು ಬ್ರೆಡ್ಡು, ಮೊಸರು. ನೋಡು, ಮೂಸಿ ನೋಡು ಇದನ್ನ. ಬೆಕ್ಕು ಉಚ್ಚೆ ಹೊಯ್ದ ಹಂಗೆ ನಾತ." ಅವನು ಕೋಟಿನ ಜೇಬಿನಿಂದ ಅರ್ಧ ಖಾಲಿಯಾದ ಪೊಟ್ಟಣ ತೆಗೆದು ಮೇಜಿನ ಮೇಲೆ ಹಾಕಿದ.

ನೆವೆನಾ ಮೂಸಿದಳು. ನಗು ಅಲ್ಲಿಗೆ ನಿಂತಿತು.

ಎಲೆಗಳನ್ನು ಅಂಗೈ ಮೇಲೆ ಸುರಿದುಕೊಂಡಳು. ಕರಡಿದ್ರಾಕ್ಷಿಯ ಎಲೆ ಚಮಚದ ಆಕಾರದ್ದು, ಎರಡೂ ಮಗ್ಗುಲಲ್ಲಿ ನರಗಳ ಬಲೆ ಕಾಣುತ್ತದೆ. ಅಂಥವೂ ಇದ್ದವು. ಅವುಗಳ ನಡುವೆ ನಯವಾದ, ಬಲೆಯಿಲ್ಲದ, ತುದಿಯಲ್ಲಿ ಚಿಕ್ಕದಾಗಿ ಕಚ್ಚಿದಂತಿದ್ದ ಎಲೆಗಳು ಇದ್ದವು. ಒಂದು ಚೂರು ಕಡ್ಡಿಯಲ್ಲಿ ಎರಡೆಲೆ ಎದುರುಬದುರು ಕೂತಿದ್ದವು. ಅವುಗಳಲ್ಲಿ ಒಂದನ್ನು ಉಗುರಿನಿಂದ ಮುರಿದಳು. ಎಲೆ ತೆಳುವಾದ ಎರಡು ಪದರವಾಗಿ ಬಿಚ್ಚಿಕೊಂಡಿತು.

ಚೆಮ್ಶಿರ್. ಮನೆಮನೆಯ ಅಂಗಳದ ಬೇಲಿಗೆ ಬೆಳೆಸುವ, ಮದುವೆಯ ಹಾರಕ್ಕೆ ಕಟ್ಟುವ ಗಿಡ. ಕುರಿಗಳೂ ಬಾಯಿ ಹಾಕದ ಗಿಡ.

ಮೇಜಿನ ಮೇಲೆ ಉಳಿದಿದ್ದ ಪೊಟ್ಟಣಗಳನ್ನು ಒಂದೊಂದಾಗಿ ಹರಿದು ಸುರಿದಳು. ಒಂದರಲ್ಲಿ ಬರೀ ಒಳ್ಳೆಯ ಎಲೆ, ಇನ್ನೊಂದರಲ್ಲಿ ಅರ್ಧಕ್ಕರ್ಧ ಚೆಮ್ಶಿರ್, ಮತ್ತೊಂದರಲ್ಲಿ ಬರೀ ಅದೇ. ಪಕ್ಕದ ಜೇನಿನ ಅಂಗಡಿಯವಳು, "ಏನೇ ಅದು, ಹುಚ್ಚು ಹಿಡೀತಾ?" ಎಂದು ಕೂಗಿದ್ದು ಅವಳಿಗೆ ದೂರದಲ್ಲೆಲ್ಲೋ ಕೇಳಿಸಿತು. ಆ ವಾರ ಎಷ್ಟು ಮಂದಿ ಒಯ್ದಿದ್ದರು? ಚಳಿ ಶುರುವಾದ ಕಾಲ, ಉರಿಮೂತ್ರದ ಕಾಲ. ಬರೆದಿಡುವ ಅಭ್ಯಾಸ ಅವಳಿಗಿರಲಿಲ್ಲ. ಮುಖಗಳನ್ನು ನೆನಪು ಮಾಡಿಕೊಳ್ಳಲು ಹೋದರೆ ಬರೀ ಕೈಗಳು ನೆನಪಾದವು, ಪೊಟ್ಟಣಕ್ಕೆ ಚಾಚಿದ ಕೈಗಳು.

"ನಡಿ," ಎಂದು ಮೆಟೋಡಿಯ ತೋಳು ಹಿಡಿದಳು. "ಡಾಕ್ಟ್ರ ಹತ್ರ ನಡಿ."

"ಅಷ್ಟೊಂದು ಏನಾಗಿಲ್ಲ ಬಿಡು..."

"ನಡಿ ಅಂದೆ!"

ಡಾಕ್ಟರ್ ಗಲಾಬೊವಾ ಶನಿವಾರ ಮಧ್ಯಾಹ್ನದವರೆಗೆ ಮಾತ್ರ ಇರುತ್ತಿದ್ದರು. ಸಿಗರೇಟಿನಿಂದ ಗಂಟಲು ಕಟ್ಟಿದ, ಮಾತಿನಲ್ಲಿ ನಯವಿಲ್ಲದ ಹೆಂಗಸು. ನೆವೆನಾಳ ಅಂಗಡಿಯ ಮುಂದೆ ದಿನವೂ ಹಾದುಹೋದರೂ ಒಂದು ಕಡ್ಡಿ ಕೊಂಡವರಲ್ಲ. ನೆವೆನಾ ಮೇಜಿನ ಮೇಲೆ ಎಲೆ ಸುರಿದು ವಿಷಯ ಹೇಳಿದಾಗ ಅವರು ಬೈಯುತ್ತಾರೆ ಅಂದುಕೊಂಡಿದ್ದಳು. ಬೈಯಲಿಲ್ಲ. ಅದೇ ಅವಳಿಗೆ ಇನ್ನಷ್ಟು ದಿಗಿಲು ಹುಟ್ಟಿಸಿತು. ಮೆಟೋಡಿಯ ನಾಡಿ ಹಿಡಿದು, ಕಣ್ಣಿಗೆ ದೀಪ ಬಿಟ್ಟು, ಮಲಗಿಸಿ ಸಲೈನ್ ಹಚ್ಚಿದರು.

"ಇವನು ಎತ್ತಿನಂಥೋನು, ತಡ್ಕೋತಾನೆ. ವಾಂತಿ ಆಗಿದ್ದೂ ಒಳ್ಳೇದೇ ಆಯ್ತು," ಎಂದು ಕೈ ಒರೆಸಿಕೊಂಡರು. "ಆದ್ರೆ ಗಟ್ಟಿಯಾಗಿ ಕುದಿಸಿ ಕುಡಿದವ್ರಿಗೆ ಹಿಂಗೇ ಇರಲ್ಲ. ತಲೆ ತಿರುಗುತ್ತೆ, ಆಮೇಲೆ ಕೈಕಾಲು ಸೆಟೆಯುತ್ತೆ, ಉಸಿರು ಕಟ್ಟುತ್ತೆ. ಇನ್ಯಾರ್ಯಾರಿಗೆ ಕೊಟ್ಟಿದ್ದೀಯ? ಮುದುಕ್ರು? ಮಕ್ಕಳು? ಬಸುರೀರು?"

"ಬಸುರೀರಿಗೆ ನಾನು ಕರಡಿದ್ರಾಕ್ಷಿ ಕೊಡೋದೇ ಇಲ್ಲ ಡಾಕ್ಟ್ರೇ. ಅಮ್ಮನೂ ಕೊಡ್ತಿರ್ಲಿಲ್ಲ."

ಅಷ್ಟು ಹೇಳಿ ಬಾಯಿ ಮುಚ್ಚುವ ಮೊದಲೇ ಅವಳಿಗೆ ಸ್ತಾಮೆನಾ ನೆನಪಾದಳು. ಮೇಲಿನ ಹಳ್ಳಿಯ ಸ್ತಾಮೆನಾ, ಕಪ್ಪು ತಲೆವಸ್ತ್ರದವಳು, ಬಸ್ಸಿಗೆ ಹೊತ್ತಾಯಿತೆಂದು ಅವಸರ ಮಾಡುತ್ತ, "ಉರೀಗೆ ಒಂದು ಪೊಟ್ಟಣ ಕೊಡು, ಮನೇಗೆ" ಅಂದಿದ್ದಳು. ಯಾರಿಗೆ ಎಂದು ನೆವೆನಾ ಕೇಳಿರಲಿಲ್ಲ. ಹಿಂದೆ ಜನ ನಿಂತಿದ್ದರು. "ಒಂದು ವಾರ ಕುಡೀಲಿ, ಬೆಂಕಿ ಆರಿದ ಹಂಗೆ ಆರುತ್ತೆ" ಎಂದು ಕೊಟ್ಟು ಕಳಿಸಿದ್ದಳು. ಸ್ತಾಮೆನಾಳ ಸೊಸೆ ಇಲಿಯಾನಾ ಏಳು ತಿಂಗಳ ಬಸುರಿ. ಅದು ಇಡೀ ಕಣಿವೆಗೆ ಗೊತ್ತು.

ಡಾಕ್ಟರು ಅವಳ ಮುಖ ನೋಡಿದರು. "ಯಾರು?"

ಹೇಳಿದಳು. ಡಾಕ್ಟರು ಸ್ತಾಮೆನಾಳ ಮನೆಗೆ ಫೋನ್ ಮಾಡಿದರು. ಗಂಟೆ ಹೊಡೆದು ಹೊಡೆದು ನಿಂತಿತು. ಅವಳ ಮಗ, ಇಲಿಯಾನಾಳ ಗಂಡ ಕಾಮೆನ್ ಮರ ಕಡಿಯಲು ಕಾಡಿಗೆ ಹೋಗಿದ್ದ, ಅಲ್ಲಿ ಸಿಗ್ನಲ್ ಇಲ್ಲ.

"ಈ ಸಲೈನ್ ಮುಗಿಯೋ ತನಕ ನಾನು ಅಲ್ಲಾಡೋ ಹಂಗಿಲ್ಲ," ಅಂದರು ಡಾಕ್ಟರು. "ಅಷ್ಟ್ರಲ್ಲಿ ನೀನು ಪೇಟೆಯೋರನ್ನ ಹುಡುಕು. ಸಿಕ್ಕಿದ್ದನ್ನೆಲ್ಲಾ ವಾಪಸ್ ತಗೋ. ಆಮೇಲೆ ಮೇಲಕ್ಕೆ ಹೋಗೋಣ."

ನೆವೆನಾ ಓಡಿದಳು. ಐವತ್ತು ದಾಟಿದ, ಮಂಡಿ ನೋವಿನ ಹೆಂಗಸು ಸಂತೆಯ ನಡುವೆ ಓಡುವುದನ್ನು ನೋಡಿ ಜನ ದಾರಿ ಬಿಟ್ಟರು. ಚಮ್ಮಾರನ ಹೆಂಡತಿ ಇನ್ನೂ ಪೊಟ್ಟಣ ಬಿಚ್ಚಿರಲಿಲ್ಲ. ಬೇಕರಿಯವನು ಕುಡಿದಿದ್ದ, ಏನೂ ಆಗಿರಲಿಲ್ಲ, ಅವನದು ಒಳ್ಳೆಯ ಎಲೆ. ಪ್ರತಿ ಬಾಗಿಲು ಬಡಿಯುವಾಗಲೂ ಒಳಗಿನಿಂದ ಸದ್ದು ಬರುವ ತನಕ ಹಲಗೆಗೆ ಕಿವಿಗೊಟ್ಟು ನಿಲ್ಲುತ್ತಿದ್ದಳು.

ಟೀಚರ್ ಮಿಲಾದಾ ಮಾತ್ರ ಬಾಗಿಲು ತೆಗೆಯಲು ಬಹಳ ಹೊತ್ತು ಮಾಡಿದರು. ನೆವೆನಾಳಿಗೆ ಅಕ್ಷರ ಕಲಿಸಿದವರು, ಈಗ ಒಬ್ಬರೇ ಇರುವವರು. ನೆವೆನಾ ಕಿಟಕಿಯಿಂದ ಹತ್ತಿ ಇಳಿಯಬೇಕೆಂದು ಬುಟ್ಟಿಯೊಂದನ್ನು ಬೋರಲು ಹಾಕುತ್ತಿದ್ದಾಗ ಬಾಗಿಲು ತೆರೆಯಿತು.

"ಏನಮ್ಮಾ, ಕಳ್ಳಿ ಆಗ್ಬಿಟ್ಯಾ?"

"ಟೀಚರ್, ಚಹಾ ಕುಡಿದ್ರಾ? ನಾನು ಕೊಟ್ಟಿದ್ದು?"

"ಕುಡ್ದೆ. ಒಳ್ಳೇ ಮದ್ದು. ಸ್ವಲ್ಪ ನಾತ, ಆದ್ರೂ ಮದ್ದು ಅಂದ್ಮೇಲೆ ನಾತ ಇರ್ಬೇಕು. ಉರಿ ಪೂರ್ತಿ ಹೋಯ್ತು ನೋಡು."

ನೆವೆನಾ ಅಡುಗೆಮನೆಗೆ ನುಗ್ಗಿ ಡಬ್ಬಿ ತೆಗೆದಳು. ಬಹುಪಾಲು ಚೆಮ್ಶಿರ್. ಪುಣ್ಯಕ್ಕೆ ಟೀಚರ್ ಜಿಪುಣತನ ಮಾಡಿ ಒಂದು ಚಿಟಿಕೆಯನ್ನು ದೊಡ್ಡ ಪಾತ್ರೆ ನೀರಿಗೆ ಹಾಕಿದ್ದರು. ದಿನವೆಲ್ಲಾ ಆ ನೀರನ್ನೇ ಕುಡಿದಿದ್ದರು.

"ತಲೆ ತಿರುಗ್ತಿದ್ಯಾ?"

"ಅದು ಬಿ.ಪಿ. ಇಡು ಡಬ್ಬಿ ಕೆಳಗೆ! ದುಡ್ಡು ಕೊಟ್ಟು ತಗೊಂಡಿದ್ದೀನಿ."

"ಟೀಚರ್, ಇದು ವಿಷ."

"ವಿಷ ಆಗಿದ್ರೆ ಉರಿ ಹೆಂಗೆ ಹೋಯ್ತು?" ಟೀಚರ್ ತರಗತಿಯಲ್ಲಿ ಪ್ರಶ್ನೆ ಹಾಕುವ ದನಿಯಲ್ಲೇ ಕೇಳಿದರು. "ಉತ್ತರ ಹೇಳು."

ನೆವೆನಾ ಡಬ್ಬಿಯ ಮುಚ್ಚಳ ಒತ್ತಿ ಹಾಕಿದಳು. ಡಬ್ಬಿ ಕಂಕುಳಲ್ಲಿ ಇಟ್ಟುಕೊಂಡು ಹೊರಬಂದಳು. ಆಮೇಲೆ ಬೀದಿಯ ತಿರುವಿನಲ್ಲಿ ಆ ಪ್ರಶ್ನೆ ಹಿಂದಿನಿಂದ ಬಂದು ಅವಳ ಕತ್ತು ಹಿಡಿಯಿತು. ತಪ್ಪು ಎಲೆ ಕುಡಿದೂ ಉರಿ ಹೋಗುವುದಾದರೆ, ಇಷ್ಟು ವರ್ಷ ಸರಿಯಾದ ಎಲೆ ಮಾಡಿದ್ದಾದರೂ ಏನು? ಅದನ್ನು ಯೋಚಿಸಲು ಆಗ ಪುರುಸೊತ್ತಿರಲಿಲ್ಲ. ತಲೆ ಕೊಡವಿ ಮನೆಯ ಕಡೆ ನಡೆದಳು. ಅಟ್ಟದಲ್ಲಿ ಇನ್ನೆಷ್ಟು ಇದೆಯೋ ನೋಡಬೇಕಿತ್ತು.

ರುಸಾ ಅಜ್ಜಿ ಕಿಟಕಿಯ ಬುಡದಲ್ಲಿ ಕೂತು ಪೊಟ್ಟಣ ಕಟ್ಟುತ್ತಿದ್ದಳು. ಮಡಿಲ ತುಂಬ ಎಲೆ. ಮೊಣಕಾಲು ಹೋದ ಮೇಲೆ ಪರ್ವತ ಹತ್ತುವುದನ್ನು ಬಿಟ್ಟು, ಮಗಳು ತಂದದ್ದನ್ನು ಒಣಗಿಸಿ ಆರಿಸಿ ಕಟ್ಟುವುದು ಅವಳ ಕೆಲಸವಾಗಿತ್ತು. ನೆವೆನಾ ಮೆಟ್ಟಿಲು ಹತ್ತಿ ಅಟ್ಟ ನೋಡಿದಳು. ಬೇಸಿಗೆಯ ಕೊನೆಯಲ್ಲಿ ಪಕ್ಕದ ಮನೆಯ ಹುಡುಗಿಯ ಮದುವೆಗೆ ಹಾರ ಕಟ್ಟಿ ಉಳಿದ ಚೆಮ್ಶಿರ್ ಕಡ್ಡಿಗಳನ್ನು ಅವಳೇ ಅಲ್ಲಿ ಒಂದು ಗೋಣಿ ಮೇಲೆ ಬಿಸಾಕಿದ್ದಳು. ಗೋಣಿ ಈಗ ಖಾಲಿ.

"ಅಮ್ಮಾ, ಅಟ್ಟದ ಮೇಲಿದ್ದ ಗೋಣೀದು ಏನು ಮಾಡ್ದೆ?"

"ಏನು ಮಾಡೋದು? ಕಡ್ಡಿಯಿಂದ ಬಿಡಿಸ್ದೆ, ಆರಿಸ್ದೆ, ಕಟ್ದೆ. ನೀನು ಸೋಮಾರಿ, ಕಡ್ಡಿ ಸಮೇತ ತಂದು ಹಾಕಿದ್ದೆ."

"ಅದು ಚೆಮ್ಶಿರ್ ಅಮ್ಮಾ."

ಮುದುಕಿಯ ಕೈ ನಿಂತಿತು. "ಯಾರಿಗೆ ಹೇಳ್ತಿದ್ದೀಯ? ನಿಮ್ಮಪ್ಪನ್ನ ನೋಡೋಕ್ಕೆ ಮುಂಚೆಯಿಂದ ಈ ಎಲೆ ಆರಿಸ್ತಿದ್ದೀನಿ ನಾನು. ನನ್ನ ಕೈಗೆ ಗೊತ್ತಾಗಲ್ವಾ?"

ನೆವೆನಾ ಎರಡು ಎಲೆ ಆರಿಸಿ ಅಮ್ಮನ ಅಂಗೈ ಮೇಲಿಟ್ಟಳು. ಕಿಟಕಿಯಲ್ಲಿ ಮಧ್ಯಾಹ್ನದ ಬಿಸಿಲು ಬೆಳ್ಳಗೆ ಹೊಡೆಯುತ್ತಿತ್ತು. "ಹೇಳು. ಯಾವುದು ಯಾವುದು?"

ರುಸಾ ಎಲೆಯನ್ನು ಬೆರಳಲ್ಲಿ ಉಜ್ಜಿದಳು. ಮತ್ತೆ ಉಜ್ಜಿದಳು. ಮುಖದ ಹತ್ತಿರ ತಂದಳು, ಮೂಗಿಗೆ ತಗಲುವಷ್ಟು ಹತ್ತಿರ. ತಂದದ್ದು ಒಂದು ಮಗ್ಗುಲಿಗೆ, ಕಣ್ಣಿನ ಮೂಲೆಗೆ. ಆ ಕಣ್ಣಿನ ಪಾಪೆಯ ಮೇಲೆ ಹಾಲಿನ ಕೆನೆಯಂಥ ಪೊರೆ ಇರುವುದನ್ನು ನೆವೆನಾ ಅವತ್ತು ಮೊದಲ ಸಲ ನೋಡಿದಂತೆ ನೋಡಿದಳು.

"ಇಲ್ಲಿ ಬೆಳಕು ಕಮ್ಮಿ," ಅಂದಳು ರುಸಾ.

"ಯಾವತ್ತಿಂದ ಅಮ್ಮಾ? ಯಾವತ್ತಿಂದ ಕಾಣ್ತಿಲ್ಲ ನಿಂಗೆ?"

"ಕಾಣುತ್ತೆ. ಕಾಣದೆ ಏನು? ನೀನು ನಿಂತಿರೋದು ಕಾಣುತ್ತೆ." ಆಮೇಲೆ ಸಣ್ಣ ದನಿಯಲ್ಲಿ, "ಯಾರಿಗಾದ್ರೂ ಏನಾದ್ರೂ ಆಯ್ತಾ?"

"ಗೊತ್ತಿಲ್ಲ. ಸ್ತಾಮೆನಾ ಸೊಸೆ ಕುಡಿದಿರ್ಬೋದು."

"ಬಸುರಿ ಹುಡುಗಿ!" ಮುದುಕಿ ಎದ್ದು ನಿಂತಳು, ಮಡಿಲಿನ ಎಲೆಯೆಲ್ಲ ನೆಲಕ್ಕೆ ಬಿತ್ತು. "ನಾನೂ ಬರ್ತೀನಿ. ಕೋಟು ಎಲ್ಲಿ? ನೆವೆನಾ, ನನ್ ಕೋಟು ಎಲ್ಲಿ?" ಕೋಟು ಅವಳ ಎದುರಿನ ಮೊಳೆಯಲ್ಲೇ ನೇತಾಡುತ್ತಿತ್ತು.

ಅಮ್ಮನನ್ನು ಪಕ್ಕದ ಮನೆಯವರ ವಶಕ್ಕೆ ಒಪ್ಪಿಸಿ, ಒಲೆಗೆ ಎಲೆಯನ್ನೆಲ್ಲ ಸುರಿದು, ನೆವೆನಾ ಡಾಕ್ಟರ ಕಾರು ಹತ್ತಿದಳು.

ಮೇಲಿನ ಹಳ್ಳಿಯ ದಾರಿ ನದಿಯ ಜೊತೆ ಹತ್ತುತ್ತದೆ. ತಿರುವು ಬಿಟ್ಟರೆ ತಿರುವು. ಡಾಕ್ಟರು ಸಿಗರೇಟು ಹಚ್ಚದೆ ತುಟಿಯಲ್ಲಿ ಇಟ್ಟುಕೊಂಡೇ ಓಡಿಸಿದರು. ನೆವೆನಾಳ ಕಣ್ಣಿಗೆ ದಾರಿ ಕಾಣುತ್ತಿರಲಿಲ್ಲ. ಬಾಯಲ್ಲಿ ನೊರೆ ಕಟ್ಟಿ ಸೆಟೆದು ಬಿದ್ದ ಹುಡುಗಿ, ಅವಳ ಹೊಟ್ಟೆ, ಆ ಹೊಟ್ಟೆಯೊಳಗೆ ಅಲುಗಾಡದ ಮಗು. ಕಣ್ಣು ಮುಚ್ಚಿದರೂ ಅದೇ, ತೆರೆದರೂ ಅದೇ. ಮಾತಾಡದಿದ್ದರೆ ಕಿರುಚಿಬಿಡುತ್ತೇನೆ ಅನ್ನಿಸಿ ಕೇಳಿದಳು:

"ಡಾಕ್ಟ್ರೇ, ಕರಡಿದ್ರಾಕ್ಷಿ ನಿಜವಾಗ್ಲೂ ಕೆಲಸ ಮಾಡುತ್ತಾ?"

"ಇವತ್ತೇ ಕೇಳ್ಬೇಕಾ ಅದನ್ನ?"

"ಇವತ್ತೇ. ಮಿಲಾದಾ ಟೀಚರ್‌ಗೆ ಚೆಮ್ಶಿರ್ ಕುಡಿದು ಉರಿ ಹೋಗಿದ್ಯಂತೆ."

ಡಾಕ್ಟರ ಬಾಯಿಂದ ನಗುವಿನಂಥದ್ದೇನೋ ಬಂತು. "ನೀರು ಕುಡಿದು ಹೋಗಿದೆ. ಎಷ್ಟೋ ಹೆಂಗಸ್ರಿಗೆ ಸುಮ್ನಿದ್ರೂ ಹೋಗುತ್ತೆ ಅದು. ನಿನ್ ಎಲೇಲಿ ಒಂದು ಸತ್ವ ಇದೆ, ಇಲ್ಲ ಅನ್ನಲ್ಲ. ಮೂತ್ರದ ದಾರೀಲಿ ಇಳಿಯೋವಾಗ ಕ್ರಿಮಿ ಕೊಲ್ಲುತ್ತೆ ಅಂತಾರೆ, ಗಾಜಿನ ತಟ್ಟೇಲಿ ಕೊಂದೂ ಇದೆ. ಆದ್ರೆ ಮನುಷ್ಯರಿಗೆ ಕೊಟ್ಟು ನೋಡಿರೋದು ಸ್ವಲ್ಪನೇ. ಒಂದು ಕಡೆ ನೋಡಿದ್ರು, ಎಲೆ ಸತ್ವ ನುಂಗಿದವ್ರಿಗೂ ಸುಳ್ಳು ಗುಳಿಗೆ ನುಂಗಿದವ್ರಿಗೂ ವ್ಯತ್ಯಾಸಾನೇ ಸಿಗ್ಲಿಲ್ಲ. ಇನ್ನೊಂದು ಕಡೆ ಆಂಟಿಬಯಾಟಿಕ್ ತಗೊಳ್ಳೋದು ಕಮ್ಮಿ ಆಯ್ತು, ಆದ್ರೆ ನೋವು ಜಾಸ್ತಿ ಇತ್ತು, ಕಿಡ್ನಿಗೆ ಏರಿಸ್ಕೊಂಡವ್ರೂ ಜಾಸ್ತಿ."

"ಮತ್ತೆ ಯಾರಿಗೆ ತಾನಾಗಿ ಹೋಗುತ್ತೆ, ಯಾರಿಗೆ ಏರುತ್ತೆ?"

"ಮೊದಲ ದಿನ ನಂಗೂ ಗೊತ್ತಾಗಲ್ಲ ನೆವೆನಾ. ಅದಕ್ಕೇ ನಾನು ಜ್ವರ ಇದ್ಯಾ, ಚಳಿ ಬಂತಾ, ಸೊಂಟದ ಮೇಲೆ ನೋವಾ ಅಂತ ಕೇಳ್ತಾ ಸಾಯೋದು." ಒಂದು ತಿರುವು ತಿರುಗಿಸಿ ಹೇಳಿದರು, "ಬಸುರಿ ಅಂದ್ರೆ ಕಾಯೋ ಮಾತೇ ಇಲ್ಲ."

ಸ್ತಾಮೆನಾಳ ಮನೆಯ ನಾಯಿ ಬೊಗಳುತ್ತಿತ್ತು. ಬಾಗಿಲು ತೆರೆದೇ ಇತ್ತು. ಒಳಕೋಣೆಯಲ್ಲಿ ಒಲೆಯ ಪಕ್ಕ, ಕಂಬಳಿಯ ಮೇಲೆ ಕಂಬಳಿ ಹೊದಿಸಿದ ಗುಡ್ಡೆಯೊಂದು ನಡುಗುತ್ತಿತ್ತು. ಹಲ್ಲು ಕಟಕಟಿಸುವ ಸದ್ದು ಬಾಗಿಲಿಗೇ ಕೇಳಿಸಿತು. ಸ್ತಾಮೆನಾ ಕೈಯಲ್ಲಿ ಲೋಟ ಹಿಡಿದು ಹುಡುಗಿಯ ತಲೆ ಎತ್ತುತ್ತಿದ್ದಳು.

"ಕೊಡಬೇಡ!" ನೆವೆನಾ ಹಾರಿ ಲೋಟ ಹೊಡೆದಳು. ಬಿಸಿ ಚಹಾ ನೆಲಕ್ಕೆ ಚೆಲ್ಲಿತು.

"ನಿಂಗೇನು ಬಂತೇ ರೋಗ?" ಸ್ತಾಮೆನಾ ಕಿರುಚಿದಳು. "ನೀನೇ ಕೊಟ್ಟಿದ್ದು, ನೀನೇ ಚೆಲ್ತೀಯಾ?"

ನೆವೆನಾ ಮಂಡಿಯೂರಿ ನೆಲದ ಮೇಲಿನ ಎಲೆಗಳನ್ನು ಬಾಚಿದಳು. ಒದ್ದೆ ಎಲೆಯನ್ನು ಬೆಳಕಿಗೆ ಹಿಡಿದಳು. ನರಗಳ ಬಲೆ. ಚಮಚದ ಆಕಾರ. ಇನ್ನೊಂದು, ಮತ್ತೊಂದು. ಎಲ್ಲಾ ಕರಡಿದ್ರಾಕ್ಷಿ.

"ಇದು ಎಲ್ಲೀದು?"

"ಹೋದ ವರ್ಷದ್ದು, ನಿಮ್ಮಮ್ಮ ಕೊಟ್ಟಿದ್ದೇ. ನೀನು ಈ ಸಲ ಕೊಟ್ಟಿದ್ದು ಬೆಕ್ಕಿನ ನಾತ ಹೊಡೀತಿತ್ತು, ತಿಪ್ಪೆಗೆ ಹಾಕ್ದೆ. ಇದು ಚೆನ್ನಾಗಿದೆ. ವಾರದಿಂದ ದಿನಾ ಮೂರು ಹೊತ್ತು ಕುಡಿಸ್ತಿದ್ದೀನಿ. ಉಚ್ಚೆನೂ ಹಸಿರು ಬಣ್ಣಕ್ಕೆ ತಿರುಗಿದೆ, ಮದ್ದು ಹತ್ತಿದೆ ಅಂತ ಲೆಕ್ಕ. ಆದ್ರೆ ನಿನ್ನೆಯಿಂದ ಈ ಚಳಿ ಬಿಡ್ತಿಲ್ಲ."

ನೆವೆನಾಳ ಮೈಯಿಂದ ಭಾರವೊಂದು ಜಾರಿ ಬಿತ್ತು. ವಿಷ ಅಲ್ಲ. ಅಮ್ಮನ ಕೈ ಅಲ್ಲ. ದೇವರೇ ಎಂದು ಗೋಡೆಗೆ ಒರಗಿದಳು. ಅದು ಒಂದು ಉಸಿರಿನಷ್ಟು ಹೊತ್ತು ಮಾತ್ರ. ಡಾಕ್ಟರು ಕಂಬಳಿ ಸರಿಸಿ, ಹುಡುಗಿಯನ್ನು ಮಗ್ಗುಲಾಗಿಸಿ, ಬೆನ್ನಿನ ಕೆಳಗೆ ಪಕ್ಕೆಯ ಮೇಲೆ ಮೆಲ್ಲಗೆ ತಟ್ಟಿದರು. ಇಲಿಯಾನಾ ಕೂಗಿದ ಕೂಗಿಗೆ ಅಂಗಳದ ನಾಯಿ ಬೊಗಳುವುದನ್ನು ನಿಲ್ಲಿಸಿತು.

"ಕಿಡ್ನಿಗೆ ಏರಿದೆ," ಅಂದರು ಡಾಕ್ಟರು. "ಎತ್ತಿ. ಆಂಬುಲೆನ್ಸ್ ಕಾಯ್ತಾ ಕೂರೋ ಹಂಗಿಲ್ಲ."

"ಚಹಾ ಕುಡಿದ್ರೆ..." ಎಂದಳು ಸ್ತಾಮೆನಾ.

"ಚಹಾ ಕುಡಿದೇ ಇಲ್ಲಿಗೆ ಬಂದಿರೋದು!"

ಒಳ್ಳೆಯ ಎಲೆ. ಅಮ್ಮನ ಕಣ್ಣು ನೆಟ್ಟಗಿದ್ದ ಕಾಲದಲ್ಲಿ ಆರಿಸಿದ, ಒಂದು ಕಸವೂ ಇಲ್ಲದ ಎಲೆ. ಅದನ್ನೇ ಕುಡಿದು, ಆರುತ್ತದೆ ಆರುತ್ತದೆ ಎಂದು ಕಾದು ಕೂತು ಈ ಹುಡುಗಿ ಇಲ್ಲಿಗೆ ಬಂದಿದ್ದಾಳೆ. ನೆವೆನಾಳಿಗೆ ಅದು ಪೂರ್ತಿಯಾಗಿ ಅರ್ಥವಾದದ್ದು ಕಾರಿನ ಹಿಂದಿನ ಸೀಟಿನಲ್ಲಿ, ಇಲಿಯಾನಾಳ ತಲೆ ತನ್ನ ತೊಡೆಯ ಮೇಲಿದ್ದಾಗ. ಹಣೆ ಕಾದ ಹೆಂಚಿನ ಹಾಗೆ ಸುಡುತ್ತಿತ್ತು. ಮುಂದಿನ ಸೀಟಿನಲ್ಲಿ ಸ್ತಾಮೆನಾ ಶಿಲುಬೆಯ ಗುರುತು ಹಾಕಿಕೊಳ್ಳುತ್ತಲೇ ಇದ್ದಳು.

"ನೆವೆನಕ್ಕಾ," ಎಂದಳು ಹುಡುಗಿ, ಕಣ್ಣು ತೆರೆಯದೆ. "ನಾನು ಡಾಕ್ಟ್ರ ಹತ್ರ ಹೋಗ್ತೀನಿ ಅಂದೆ. ಅತ್ತೆ ಬೇಡ ಅಂದ್ರು. ಒಂದು ವಾರದಲ್ಲಿ ಬೆಂಕಿ ಆರಿದ ಹಂಗೆ ಆರುತ್ತೆ ಅಂತ ನೀವು ಹೇಳಿದ್ರಂತೆ."

ನೆವೆನಾ ಅವಳ ಕೂದಲು ಸವರಿದಳು.

ಅಷ್ಟರಲ್ಲಿ ಹುಡುಗಿಯ ಹೊಟ್ಟೆ ಕಲ್ಲಿನಂತೆ ಗಟ್ಟಿಯಾಯಿತು. ನೆವೆನಾಳ ಅಂಗೈ ಅದರ ಮೇಲೇ ಇತ್ತು. ಸಡಿಲವಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಗಟ್ಟಿ. ಹುಡುಗಿ ತುಟಿ ಕಚ್ಚಿದಳು.

"ಡಾಕ್ಟ್ರೇ, ಹೊಟ್ಟೆ ಕಟ್ತಿದೆ."

ಡಾಕ್ಟರು ಕನ್ನಡಿಯಲ್ಲಿ ನೋಡಿದರು. ಕಾರಿನ ವೇಗ ಏರಿತು. ಕುರಿಮಂದೆಯೊಂದು ರಸ್ತೆಗೆ ಅಡ್ಡ ಬಂದು ನಿಂತಾಗ ಅವರು ಹಾರ್ನ್ ಮೇಲೆ ಕೈ ಒತ್ತಿ ಹಿಡಿದರು. ಕುರುಬ ಕೋಲೆತ್ತಿ ಬೈಯುತ್ತಿದ್ದವನು ಕಿಟಕಿಯಲ್ಲಿ ಬಗ್ಗಿ ನೋಡಿ, ತಾನೇ ಕುರಿಗಳನ್ನು ಒದ್ದು ಪಕ್ಕಕ್ಕೆ ಅಟ್ಟಿದ.

"ಈಗ್ಲೇ ಬರಬೇಡ ಮಗಾ," ಎಂದು ನೆವೆನಾ ಹೊಟ್ಟೆಗೆ ಹೇಳುತ್ತಿದ್ದಳು. "ಇನ್ನೂ ಹೊತ್ತಾಗಿಲ್ಲ. ಒಳಗೇ ಇರು. ಹೊರಗೆ ಚಳಿ." ತಾನು ಗಟ್ಟಿಯಾಗಿ ಹೇಳುತ್ತಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ.

ಜಿಲ್ಲಾಸ್ಪತ್ರೆಯ ಬಾಗಿಲಲ್ಲಿ ಬಿಳಿ ಬಟ್ಟೆಯವರು ಹುಡುಗಿಯನ್ನು ಎತ್ತಿಕೊಂಡು ಹೋದರು. ಬಾಗಿಲು ಮುಚ್ಚಿಕೊಂಡಿತು. ಹೊರಗಿನ ಬೆಂಚಿನ ಮೇಲೆ ಇಬ್ಬರು ಹೆಂಗಸರು ಉಳಿದರು. ಸ್ತಾಮೆನಾ ತಲೆವಸ್ತ್ರ ಬಿಚ್ಚಿ ಕೈಯಲ್ಲಿ ಹಿಂಡುತ್ತಿದ್ದಳು.

"ನನ್ನ ಸೊಸೆಗೇನಾದ್ರೂ ಆದ್ರೆ ನಿನ್ ಅಂಗಡೀಗೆ ಬೆಂಕಿ ಇಡ್ತೀನಿ," ಅಂದಳು.

"ಇಡು."

"ನಿನ್ನ, ನಿಮ್ಮಮ್ಮನ್ನ, ಇಬ್ರನ್ನೂ..." ದನಿ ಮುರಿಯಿತು. "ನಾನೇ ಬೇಡ ಅಂದಿದ್ದು ಕಣೇ. ಹುಡುಗಿ ಕೇಳ್ತು, ಡಾಕ್ಟ್ರ ಹತ್ರ ಹೋಗ್ತೀನಿ ಅಂತು. ಅವ್ರು ಕೊಡೋ ಮಾತ್ರೆ ಮಗೂಗೆ ಆಗಲ್ಲ, ಎಲೆ ಅಂದ್ರೆ ಎಲೆ, ಅದ್ರಿಂದ ಯಾರಿಗೇನಾಗುತ್ತೆ ಅಂದೆ. ನನ್ನ ಮಗ ಬಂದು ಕೇಳಿದ್ರೆ ಏನು ಹೇಳ್ಲಿ?"

ನೆವೆನಾ ಅವಳ ಕೈ ಹಿಡಿಯಲು ಹೋದಳು. ಸ್ತಾಮೆನಾ ಕೊಸರಿಕೊಂಡಳು, ಆಮೇಲೆ ತಾನೇ ಹಿಡಿದುಕೊಂಡಳು. ಉಗುರು ಚುಚ್ಚುವಷ್ಟು ಬಿಗಿಯಾಗಿ.

ಡಾಕ್ಟರ್ ಗಲಾಬೊವಾ ಹೊರಬರುವ ಹೊತ್ತಿಗೆ ಕಿಟಕಿಯ ಬೆಳಕು ಕೆಂಪಾಗಿತ್ತು. ಅವರ ಮುಖ ನೋಡಿ ಏನೂ ತಿಳಿಯುವಂತಿರಲಿಲ್ಲ. ಇಬ್ಬರೂ ಎದ್ದು ನಿಂತರು.

"ಮಗು ಎದೆ ಬಡಿತ ಚೆನ್ನಾಗಿದೆ. ಔಷಧಿ ರಕ್ತಕ್ಕೇ ಬಿಡ್ತಿದ್ದಾರೆ. ಹೊಟ್ಟೆ ಕಟ್ಟೋದು ಕಮ್ಮಿ ಆಗಿದೆ, ಪೂರ್ತಿ ನಿಂತಿಲ್ಲ. ಇನ್ನೂ ಹೇಳೋಕಾಗಲ್ಲ." ಸಿಗರೇಟಿಗೆ ಕಡ್ಡಿ ಗೀರಲು ಹೊರಟು, ಎಲ್ಲಿದ್ದೇನೆಂದು ನೆನಪಾಗಿ ಜೇಬಿಗೆ ಹಾಕಿಕೊಂಡರು. "ನಾಳೆ ತನಕ ಕಾದಿದ್ದಿದ್ರೆ ಇಷ್ಟೂ ಹೇಳ್ತಿರ್ಲಿಲ್ಲ."

ಇಲಿಯಾನಾಳ ಜ್ವರ ಇಳಿಯಲು ದಿನಗಳೇ ಹಿಡಿದವು. ಅಷ್ಟೂ ದಿನ ನೆವೆನಾ ಅಂಗಡಿ ತೆರೆಯಲಿಲ್ಲ. ರಾತ್ರಿ ನಿದ್ದೆ ಹತ್ತದೆ ಮುಖಗಳು ಬರುತ್ತಿದ್ದವು, ಈಗಿನವಲ್ಲ, ಹಳೆಯವು. ಪೊಟ್ಟಣ ಒಯ್ದು ವಾಸಿಯಾಯಿತೆಂದು ಕೋಳಿಮೊಟ್ಟೆ ತಂದುಕೊಟ್ಟವರು. ಪೊಟ್ಟಣ ಒಯ್ದು ಮತ್ತೆ ಬಾರದವರು. ಬಾರದವರು ವಾಸಿಯಾಗಿ ಬರಲಿಲ್ಲವೋ, ಬೇರೆ ಊರಿಗೆ ಹೋದರೋ, ಏನಾದರೋ? ಅವಳು ಯಾವತ್ತೂ ವಿಚಾರಿಸಿರಲಿಲ್ಲ. ವಾಸಿಯಾದವರು ಮಾತ್ರ ಬಂದು ಹೇಳುತ್ತಾರೆ. ಅವಳಿಗೆ ಗೊತ್ತಿದ್ದದ್ದು ಅವರ ಮಾತು ಒಂದೇ.

ರುಸಾ ಅಜ್ಜಿ ಮೂಲೆಯಲ್ಲಿ ಸುಮ್ಮನೆ ಕೂತಿರುತ್ತಿದ್ದಳು. ಪೊರೆ ತೆಗೆಸೋಣ, ಈಗ ಅದು ಸುಲಭ ಎಂದು ನೆವೆನಾ ಹೇಳಿದಾಗ ತಲೆ ಅಲ್ಲಾಡಿಸಿದಳು.

"ಕಣ್ಣಿಗೆ ಚಾಕು ಹಾಕಿಸ್ಕೊಳ್ಳಲ್ಲ."

"ಅಮ್ಮಾ, ಹೆದರ್ಕೋಬೇಡ."

"ಹೆದ್ರಿಕೆ ಕಣ್ಣಿಗಲ್ಲ ಕಣೇ. ಕೈ ನೋಡು." ಮುದುಕಿ ಅಂಗೈ ಚಾಚಿದಳು, ಎಲೆ ಉಜ್ಜಿ ಉಜ್ಜಿ ಕಪ್ಪಾದ ಬೆರಳುಗಳು. "ಇದು ಗೊತ್ತು ಗೊತ್ತು ಅಂತು. ಅಷ್ಟು ಧೈರ್ಯವಾಗಿ ಅಂತು. ಕಣ್ಣು ಕಾಣಲ್ಲ ಅನ್ನೋದು ನಂಗೆ ಗೊತ್ತಿತ್ತು. ಕೈಗೆ ಗೊತ್ತಿಲ್ಲ ಅನ್ನೋದು ಗೊತ್ತಿರ್ಲಿಲ್ಲ."

ಕೊನೆಗೆ ಅವಳು ಒಪ್ಪಿದಳು. ಇಲಿಯಾನಾ ಮನೆಗೆ ಬಂದಳೆಂಬ ಸುದ್ದಿ ತಿಳಿದ ಮೇಲೆ, ಆ ಹುಡುಗಿಯ ಮುಖ ತಾನು ನೋಡಬೇಕು ಎಂದು. ಮಗು ಚಳಿಗಾಲದ ನಡುವೆ, ಹೊತ್ತಿಗೆ ಸರಿಯಾಗಿ ಹುಟ್ಟಿತು. ಹೆಣ್ಣು. ಸ್ತಾಮೆನಾ ನೆವೆನಾಳನ್ನು ನಾಮಕರಣಕ್ಕೆ ಕರೆಯಲಿಲ್ಲ, ಆದರೆ ಮೆಟೋಡಿಯ ಬಸ್ಸಿನಲ್ಲಿ ಒಂದು ತಟ್ಟೆ ಬನಿತ್ಸಾ, ಚೀಸ್ ತುಂಬಿ ಬೇಯಿಸಿದ ಪದರದ ರೊಟ್ಟಿ, ಕಳಿಸಿದಳು. ಮೆಟೋಡಿ ದಾರಿಯಲ್ಲಿ ಅರ್ಧ ತಿಂದಿದ್ದ.

"ವಿಷ ಇದ್ಯೇನೋ ಅಂತ ಪರೀಕ್ಷೆ ಮಾಡ್ದೆ," ಅಂದ. "ನಿನ್ ಮೇಲೆ ನಂಗೆ ನಂಬಿಕೆ ಹೋಗಿದೆ."

ನೆವೆನಾ ಅಂಗಡಿಯನ್ನು ಮತ್ತೆ ತೆರೆದಿದ್ದಳು. ಪುದೀನ, ಲಿಂಡನ್ ಹೂವು, ಜೇನು ಹಾಕಿ ಕುಡಿಯುವ ಕೆಮ್ಮಿನ ಎಲೆ. ಕರಡಿದ್ರಾಕ್ಷಿಯೂ ಇತ್ತು, ಆದರೆ ಅದನ್ನು ಮೇಜಿನ ಮೇಲೆ ಇಡುತ್ತಿರಲಿಲ್ಲ. ಕೇಳಿದವರಿಗೆ ಪ್ರಶ್ನೆಗಳ ಮಳೆ. ಯಾರಿಗೆ? ಬಸುರಿಯಾ? ಜ್ವರ? ಚಳಿ? ಸೊಂಟ ನೋವು? "ಪೊಲೀಸ್ ಕೆಲಸಕ್ಕೆ ಸೇರ್ಕೊಂಡ್ಯಾ?" ಎಂದು ಜನ ಆಡಿಕೊಂಡರು. ಕೆಲವರು ಎದುರಿನ ಅಂಗಡಿಗೆ ಹೋದರು.

ಮಂಜು ಕರಗುವ ಕಾಲದ ಒಂದು ಶನಿವಾರ ಕಂಬಳಿಕೋಟು ಹೊದ್ದ ಅಪರಿಚಿತ ಹೆಂಗಸೊಬ್ಬಳು ಬಂದು ನಿಂತಳು. ಉರಿ, ಅಂದಳು. ಬೇರೇನೂ ಇಲ್ಲ, ಬರೀ ಉರಿ. ಬೇಗ ಕೊಡು, ಬಸ್ಸಿದೆ. ಬಿಸಿಲಿದ್ದರೂ ಅವಳು ಕಾಲರನ್ನು ಕತ್ತಿಗೆ ಒತ್ತಿ ಹಿಡಿದಿದ್ದಳು.

ನೆವೆನಾ ಮೇಜಿನ ಮೇಲಿಂದ ಬಗ್ಗಿ ಅವಳ ಹಣೆಗೆ ಕೈ ಇಟ್ಟಳು.

"ಏನ್ ಮಾಡ್ತಿದ್ದೀಯ? ಕೈ ತೆಗಿ!"

ಹಣೆ ಸುಡುತ್ತಿತ್ತು. ಅವತ್ತು ಕಾರಿನಲ್ಲಿ ಇಲಿಯಾನಾಳ ಹಣೆ ಸುಟ್ಟ ಹಾಗೆಯೇ. ನೆವೆನಾ ಮೇಜಿನ ಹಿಂದಿನಿಂದ ಹೊರಬಂದು ಹೆಂಗಸಿನ ಮಣಿಕಟ್ಟು ಹಿಡಿದಳು.

"ನಡಿ."

"ಎಲ್ಲಿಗೆ? ಬಿಡು! ನಂಗೆ ಎಲೆ ಬೇಕಷ್ಟೆ. ಹುಚ್ಚಿ! ಯಾರಾದ್ರೂ ಬನ್ರೀ, ಈ ಹುಚ್ಚಿ ನನ್ನ..."

ಜನ ತಿರುಗಿ ನೋಡಿದರು. ನೆವೆನಾ ಬಿಡಲಿಲ್ಲ. ಬೈಗುಳ ಕೇಳಿಸಿಕೊಳ್ಳುತ್ತ, ಆ ಹೆಂಗಸನ್ನು ಸಂತೆಯ ನಡುವೆ ಡಾಕ್ಟರ ಬಾಗಿಲ ಕಡೆ ಎಳೆದುಕೊಂಡು ಹೋದಳು.